ತುಂಬದೇ ಇದ್ದ ಟ್ಯಾಂಕು

ಸಾಂತಾ ಕ್ರೂಜ್ ಬಿಟ್ಟು ಸಮುದ್ರದಂಚಿನ ಹೈವೇ ಹಿಡಿದು ಮುಕ್ಕಾಲು ಗಂಟೆಯಾಗಿತ್ತು. ಊಟಕ್ಕೆಂದು ಗಾಡಿ ನಿಲ್ಲಿಸಿದವಳು ಒಲೆಯ ಮೇಲಿರುವ ಪುಟ್ಟ ಫಲಕದ ಬಟನ್ ಒತ್ತಿದೆ. ಒಂದಾದ ಮೇಲೊಂದು ನಾಲ್ಕೂ ದೀಪ ಹತ್ತಿದವು. ನಾಲ್ಕನೆಯದು ಕೆಂಪು. ಕಪ್ಪು ಟ್ಯಾಂಕು ಭರ್ತಿ ಎಂದು ಅದರ ಅರ್ಥ. ನನ್ನ ಎದೆ ಧಸಕ್ಕೆಂದಿತು.

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ನನ್ನದು ಇಪ್ಪತ್ತೈದು ಅಡಿಯದು. ಒಳಗೆ ಎರಡು ಹಾಸಿಗೆ, ಒಲೆ, ಬಚ್ಚಲು, ಕಮೋಡು ಎಲ್ಲ ಇವೆ. ಹೊಟ್ಟೆಯ ಕೆಳಗೆ ಎರಡು ಟ್ಯಾಂಕು. ಪಾತ್ರೆ ತೊಳೆದ ನೀರು, ಸ್ನಾನದ ನೀರು ಸೇರುವುದು ಬೂದು ಟ್ಯಾಂಕಿಗೆ, ಕಮೋಡಿನದು ಕಪ್ಪು ಟ್ಯಾಂಕಿಗೆ. ಎರಡನ್ನೂ ಖಾಲಿ ಮಾಡಲು ಡಂಪ್ ಸ್ಟೇಷನ್ ಎಂಬ ಜಾಗಗಳಿವೆ. ಕಾಂಕ್ರೀಟಿನ ಇಳಿಜಾರು, ನಡುವೆ ಮುಚ್ಚಳವಿರುವ ತೂತು, ಪಕ್ಕದಲ್ಲೊಂದು ನಲ್ಲಿ, ಅಷ್ಟೇ. ಅಲ್ಲಿ ಬಿಟ್ಟು ಬೇರೆಲ್ಲೂ ಒಂದು ಹನಿ ಚೆಲ್ಲುವ ಹಾಗಿಲ್ಲ. ಚೆಲ್ಲಿದರೆ ಅಪರಾಧ. ಈ ಗಾಡಿಯನ್ನು ನಾನೇ ಓಡಿಸಿಕೊಂಡು ಬೇ ಏರಿಯಾದ ನಮ್ಮ ಜನರನ್ನು ಎರಡು ಮೂರು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಹೋಟೆಲಿನ ಅನ್ನ ಒಗ್ಗದಿದ್ದಾಗ, ಮಡಿಯಲ್ಲಿ ತಾವೇ ಬೇಯಿಸಿಕೊಳ್ಳಬೇಕು ಎಂದಾಗ, ಮಕ್ಕಳಿಗೆ ನನ್ನ ನೆನಪಾಗುತ್ತದೆ.

ಹೆದರಿಕೆ ನನ್ನ ಹುಟ್ಟುಗುಣ. ನಮ್ಮಮ್ಮ ಮೈಸೂರಿನಲ್ಲಿ ಈಗಲೂ ಹೇಳುತ್ತಾಳೆ, ಇವಳು ನೆರಳು ಕಂಡರೂ ದಾರಿ ಬಿಡುವವಳು ಎಂದು. ಗಾಡಿ ಓಡಿಸಲು ಹೆದರುವುದಿಲ್ಲ, ಆ ಕೆಂಪು ದೀಪಕ್ಕೆ ಹೆದರುತ್ತೇನೆ. ಎರಡು ವರ್ಷದ ಹಿಂದೆ ಒಮ್ಮೆ ಹಾಗೇ ದೀಪ ಹತ್ತಿದಾಗ, ಸೆನ್ಸರು ಸುಳ್ಳು ಹೇಳುತ್ತಿದೆ, ಕಾಗದದ ಚೂರು ಅಂಟಿರಬೇಕು ಎಂದುಕೊಂಡು ಸುಮ್ಮನಿದ್ದೆ. ಆ ಸಲ ದೀಪ ಹೇಳಿದ್ದು ನಿಜವಾಗಿತ್ತು. ಬಚ್ಚಲ ನೆಲದ ಮೇಲೆ ಉಕ್ಕಿದ್ದನ್ನು ಬಳಿದು ತೊಳೆಯಲು ನನಗೆ ಎರಡು ದಿನ ಹಿಡಿಯಿತು. ಆ ವಾಸನೆ ನನ್ನ ಮೂಗಿನಿಂದ ಹೋಗಲು ಎರಡು ತಿಂಗಳು.

ಈ ಸಲ ಜೊತೆಗಿದ್ದವರು ಇಬ್ಬರೇ. ಕ್ಯುಪರ್ಟಿನೋದ ಒಬ್ಬ ಇಂಜಿನಿಯರ್ ಹೆಂಗಸು ಮತ್ತು ಧಾರವಾಡದಿಂದ ಬಂದಿದ್ದ ಅವರ ತಾಯಿ. ಮಗಳು ಕರೆದ ಹಾಗೆ ನಾನೂ ಆ ಹಿರಿಯರನ್ನು ಅಮ್ಮ ಎಂದೇ ಕರೆದೆ. ಎಪ್ಪತ್ತು ದಾಟಿದ, ಸಣ್ಣ ಮೈಕಟ್ಟಿನ, ಕಚ್ಚೆ ಸೀರೆಯ ಹೆಂಗಸು. ಸ್ವಂತ ಒಗ್ಗರಣೆ ಡಬ್ಬಿ, ಸ್ವಂತ ತಂಬಿಗೆ ತಂದಿದ್ದರು. ಬೆಳಿಗ್ಗೆ ಹೊರಡುವ ಮುಂಚೆ ನಾನು ಎಲ್ಲರಿಗೂ ಮಾಡುವ ಹಾಗೆ ಅವರಿಗೂ ಗಾಡಿ ತೋರಿಸಿದ್ದೆ. ಕಮೋಡಿನ ಪಕ್ಕದ ಪೆಡಲನ್ನು ಹೇಗೆ ತುಳಿಯಬೇಕು, ತೊಳೆದುಕೊಳ್ಳಲು ನೀರು ಎಲ್ಲಿ ಹಿಡಿದುಕೊಳ್ಳಬೇಕು ಎಲ್ಲ ಹೇಳಿಕೊಟ್ಟಿದ್ದೆ.

"ಇದೆಲ್ಲಾ ಎಲ್ಲಿಗೆ ಹೋಗತದ?" ಎಂದು ಅಮ್ಮ ಕೇಳಿದರು.

"ಕೆಳಗೆ ಟ್ಯಾಂಕ್ ಇದೆ ಅಮ್ಮ."

"ಆಮ್ಯಾಲೆ? ಯಾರ ತಗೀತಾರ ಅದನ್ನ?"

"ನಾನೇ," ಎಂದು ನಕ್ಕೆ. "ಪೈಪ್ ಹಾಕಿ ಹ್ಯಾಂಡಲ್ ಎಳೆದ್ರೆ ಆಯ್ತು. ಗ್ಲೌಸ್ ಹಾಕ್ಕೊಂಡೇ ಮಾಡೋದು."

ಅಮ್ಮ ನಗಲಿಲ್ಲ. ನನ್ನ ಕೈಗಳನ್ನೇ ನೋಡಿದರು. ನನಗೆ ಆ ನೋಟದ ಅರ್ಥ ಚೆನ್ನಾಗಿ ಗೊತ್ತು ಎಂದುಕೊಂಡೆ. ಲಾಸ್ ಗ್ಯಾಟೋಸ್ ದಾಟಿ ಬೆಟ್ಟದ ದಾರಿ ಹತ್ತುವ ಮುಂಚೆ ಎಲ್ಲರಿಗೂ ಕಾಫಿ ಮಾಡಿಕೊಟ್ಟೆ. ಅಮ್ಮ ಲೋಟ ಮುಟ್ಟಲಿಲ್ಲ. ಆಗಂತೂ ನನ್ನ ಅನುಮಾನ ಗಟ್ಟಿಯಾಯಿತು. ಹೊಲಸು ತೆಗೆಯುವ ಕೈಯ ಕಾಫಿ ಇವರಿಗೆ ಆಗದು. ಇರಲಿ, ನನಗೇನು, ಕಾಫಿ ನನಗೇ ಉಳಿಯಿತು ಎಂದು ಎರಡು ಲೋಟ ಕುಡಿದೆ. ಆದರೆ ಒಳಗೆ ಚುರುಕ್ಕೆಂದಿದ್ದು ಸುಳ್ಳಲ್ಲ.

ಕೆಂಪು ದೀಪ ಹತ್ತಿದ್ದು ಅದೇ ಮಧ್ಯಾಹ್ನ. ಅರ್ಧ ದಿನದಲ್ಲಿ ಟ್ಯಾಂಕು ತುಂಬುವುದುಂಟೇ? ತುಂಬುವುದಿಲ್ಲ. ಆದರೆ ಹಿಂದಿನ ವಾರ ಬೇರೊಂದು ಕುಟುಂಬ ನಾನಿಲ್ಲದೆ ತಾವೇ ಓಡಿಸುತ್ತೇವೆಂದು ಗಾಡಿಯನ್ನು ಬಾಡಿಗೆಗೆ ತೆಗೆದುಕೊಂಡು ಹೋಗಿತ್ತು. ಖಾಲಿ ಮಾಡಿಯೇ ತಂದಿದೀವಿ ಎಂದು ಅವರು ಹೇಳಿದ್ದನ್ನು ನಂಬಿ, ನಾನು ಮೇಲೆ ಒಂದಿಷ್ಟು ನೀರು, ವಾಸನೆ ತಡೆಯುವ ನೀಲಿ ಔಷಧ ಸುರಿದು ಕೈತೊಳೆದುಕೊಂಡಿದ್ದೆ. ಅವರು ಸುಳ್ಳು ಹೇಳಿದ್ದರೆ? ಟಾರ್ಚು ಬಿಟ್ಟು ನೋಡಿದೆ. ನನ್ನ ಗಾಡಿಯಲ್ಲಿ ಕಮೋಡಿನ ಕೆಳಗಿನ ಪೈಪು ಓರೆಯಾಗಿದೆ, ತಳ ಕಾಣುವುದಿಲ್ಲ. ಮತ್ತೆ ಬಟನ್ ಒತ್ತಿದೆ. ಮತ್ತೆ ನಾಲ್ಕು ದೀಪ.

ಆಗ ನನ್ನ ಬಾಯಿಂದ ಆ ಮಾತು ಬಂತು. ಊಟ ಮಾಡುತ್ತಿದ್ದ ತಾಯಿ ಮಗಳ ಮುಂದೆ ನಿಂತು ಹೇಳಿದೆ: "ಟ್ಯಾಂಕ್ ಫುಲ್ ತೋರಿಸ್ತಿದೆ. ಡಂಪ್ ಸ್ಟೇಷನ್ ಸಿಗೋವರೆಗೂ ಒಳಗಡೆ ಟಾಯ್ಲೆಟ್ಟು ಜಾಸ್ತಿ ಯೂಸ್ ಮಾಡ್ಬೇಡಿ. ಉಕ್ಕಿದ್ರೆ ನನ್ನ ಗತಿ ಅಷ್ಟೇ, ಎಲ್ಲ ಕೈಯಲ್ಲೇ ಬಳೀಬೇಕು."

ಮಗಳು ಫೋನಿನಿಂದ ತಲೆ ಎತ್ತದೆ ಓಕೆ ಎಂದರು. ಅಮ್ಮ ಎದುರಿಗಿದ್ದ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. ಸರಿಸಿದ್ದನ್ನು ಕಣ್ಣಾರೆ ಕಂಡೆ. ಕಂಡದ್ದು ತಲೆಗೆ ಹೋಗಲಿಲ್ಲ.

ಅಂದು ಸಂಜೆ ನಾವು ಉಳಿದುಕೊಂಡ ಕ್ಯಾಂಪ್‌ಗ್ರೌಂಡಿನಲ್ಲಿ ಡಂಪ್ ಇದೆ ಎಂದು ಫೋನಿನ ಆ್ಯಪು ಹೇಳಿತ್ತು. ಹೋಗಿ ನೋಡಿದರೆ ತೂತಿನ ಮುಚ್ಚಳಕ್ಕೆ ಸರಪಳಿ, ಪಕ್ಕದಲ್ಲಿ ಎರಡು ಕಿತ್ತಳೆ ಕೋನು, ರಿಪೇರಿಯಲ್ಲಿದೆ ಎಂಬ ಚೀಟಿ. ಚೀಟಿ ಬಿಸಿಲಿಗೆ ಬಣ್ಣಗೆಟ್ಟಿತ್ತು.  ಆ ರಾತ್ರಿ ನಾನೂ ಮಗಳೂ ಕ್ಯಾಂಪ್‌ಗ್ರೌಂಡಿನ ಸಾರ್ವಜನಿಕ ಟಾಯ್ಲೆಟ್ಟಿಗೇ ಹೋಗಿಬಂದೆವು. ಅಮ್ಮನನ್ನೂ ಕರೆದೆವು. ಅಲ್ಲಿನ ಬಾಗಿಲು ಮೊಣಕಾಲಿನವರೆಗೇ ಬರುವಂಥದ್ದು, ಒಳಗೆ ಕೂತವರ ಪಾದ ಹೊರಗಿನವರಿಗೆ ಕಾಣುತ್ತದೆ. ಒಮ್ಮೆ ಇಣುಕಿ ನೋಡಿ ಅಮ್ಮ ಹಿಂದೆ ಸರಿದರು.

"ನಂಗ ಬ್ಯಾಡ. ನಂಗ ಬಂದೇ ಇಲ್ಲ," ಎಂದರು.

ಮರುದಿನ ಬೆಳಿಗ್ಗೆ ಅಮ್ಮ ಒಲೆ ಹಚ್ಚಲಿಲ್ಲ. ಮಗಳು ಕೇಳಿದ್ದಕ್ಕೆ, "ಇವತ್ತ ಏಕಾದಶಿ," ಎಂದರು.

"ಅಯ್ಯೋ, ಹೌದಾ? ಹಣ್ಣು ತಿಂತೀಯಾ?"

"ಇಲ್ಲ. ನಿರ್ಜಲ."

ಮಗಳು ನನ್ನ ಕಡೆ ತಿರುಗಿ, "ನಮ್ಮನೇಲಿ ಏಕಾದಶಿ ಸ್ಟ್ರಿಕ್ಟು. ಅಮ್ಮ ಎಷ್ಟೋ ವರ್ಷದಿಂದ ಮಾಡ್ಕೊಂಡ್ ಬಂದಿದಾರೆ. ನನಗೆ ಇಲ್ಲಿ ತಿಥಿ ಗಿಥಿ ಏನೂ ಗೊತ್ತಾಗಲ್ಲ, ಅಮ್ಮ ಹೇಳಿದ್ದೇ ಪಂಚಾಂಗ," ಎಂದು ನಕ್ಕರು. ನನಗೂ ಪಂಚಾಂಗ ಗೊತ್ತಿಲ್ಲ. ವ್ರತ ಎಂದ ಮೇಲೆ ಮಾತು ಮುಗಿಯಿತು. ಉಪವಾಸದವರನ್ನು ಒತ್ತಾಯ ಮಾಡುವುದು ಪಾಪ ಎಂದು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಸತ್ಯ ಹೇಳಬೇಕೆಂದರೆ ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ಒಬ್ಬರು ಕಡಿಮೆಯಾದರೆ ಟ್ಯಾಂಕಿಗೆ ಅಷ್ಟು ಕಡಿಮೆ.

ಆ ದಿನವೆಲ್ಲ ನಾನು ಸಮುದ್ರ ನೋಡಲಿಲ್ಲ, ಆ್ಯಪು ನೋಡಿದೆ. ಹಾಫ್ ಮೂನ್ ಬೇ ಹತ್ತಿರದ ಖಾಸಗಿ ಆರ್‌ವಿ ಪಾರ್ಕಿಗೆ ಹೋದೆವು. ಕಚೇರಿಯ ಹೆಂಗಸು ಬಹಳ ವಿನಯದಿಂದ, ಇಲ್ಲಿ ಉಳಿದವರಿಗೆ ಮಾತ್ರ ಎಂದರು. ಉಳಿಯುತ್ತೇವೆ ಎಂದೆ. ಜಾಗ ಇಲ್ಲ ಎಂದರು. ಅದಾದ ಮೇಲೆ ಪಸಿಫಿಕಾ ಕಡೆಗೆ ಇನ್ನೊಂದು ಇದೆ ಎಂದು ಆ್ಯಪು ತೋರಿಸಿತು. ಅಲ್ಲಿ ಡಂಪ್ ಇದ್ದ ಜಾಗಕ್ಕೆ ಡಾಂಬರು ಹಾಕಿ ಕಾರು ನಿಲ್ಲಿಸಲು ಗೆರೆ ಎಳೆದಿದ್ದರು. ಪ್ರತಿ ತಿರುವಿನಲ್ಲೂ ಗಾಡಿ ವಾಲಿದಾಗ ಕೆಳಗೆ ಏನೋ ಗುಳುಗುಳು ಎಂದ ಹಾಗೆ ಕೇಳಿಸುತ್ತಿತ್ತು.  ಒಂದು ಸಲ ಬ್ರೇಕು ಒತ್ತಿ ಇಳಿದು, ಮಂಡಿಯೂರಿ, ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಎಲ್ಲ ಒಣಗಿತ್ತು. ಹೆದರುವವರಿಗೆ ಒಣಗಿದ್ದೂ ಒದ್ದೆಯಾಗಿಯೇ ಕಾಣುತ್ತದೆ.

ಫ್ರೀವೇ ಪಕ್ಕದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಡಂಪ್ ಇದೆ ಎಂದು ನನಗೆ ಗೊತ್ತಿತ್ತು, ಸೌತ್ ಸ್ಯಾನ್ ಫ್ರಾನ್ಸಿಸ್ಕೋ ದಾಟಿದ ಮೇಲೆ. ಅಂದೇ ಹೋಗೋಣ ಎಂದೆ. ಮಗಳಿಗೆ ಮಧ್ಯಾಹ್ನ ಎರಡು ಮೀಟಿಂಗು, ಸಿಗ್ನಲ್ ಚೆನ್ನಾಗಿರುವ ಜಾಗ ಬಿಟ್ಟು ಕದಲುವ ಹಾಗಿರಲಿಲ್ಲ.

"ನಾಳೆ ಹೇಗೂ ಅದೇ ದಾರೀಲಿ ವಾಪಸ್ ಹೋಗ್ತೀವಲ್ಲ," ಎಂದರು.

ನಾನು ಒಪ್ಪಿದೆ. ಒಪ್ಪಬಾರದಿತ್ತು.

ಸಂಜೆ ಅಮ್ಮ ಕಿಟಕಿಯ ಪಕ್ಕ ಕೂತು ಅಲೆ ನೋಡುತ್ತಿದ್ದರು. ತುಟಿ ಒಡೆದಿತ್ತು. ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು, ನಾಲಿಗೆಯೂ ಒಣಗಿತ್ತೆಂದು ಕಾಣುತ್ತದೆ, ಒದ್ದೆ ಆಗುತ್ತಿರಲಿಲ್ಲ. ರಾತ್ರಿಯ ಮಾತ್ರೆ ನುಂಗಲು ಮಗಳು ಲೋಟದಲ್ಲಿ ನೀರು ಕೊಟ್ಟರು. ಅಮ್ಮ ಒಂದು ಗುಟುಕಿನಲ್ಲಿ ಮಾತ್ರೆ ಇಳಿಸಿ, ಲೋಟವನ್ನು ತಾವೇ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಬಗ್ಗಿಸಿ, ತೊಳೆದು, ಬೋರಲು ಹಾಕಿದರು. ಸಿಂಕಿನ ನೀರು ಹೋಗುವುದು ಬೂದು ಟ್ಯಾಂಕಿಗೆ. ಅದು ಅವರಿಗೆ ನಾನೇ ಹೇಳಿಕೊಟ್ಟಿದ್ದ ಪಾಠ.

ಮೂರನೆಯ ದಿನ ಬೆಳಿಗ್ಗೆ ಪಾರಣೆ ಮಾಡಬೇಕಲ್ಲ ಎಂದು ನಾನೇ ನೆನಪಿಸಿದೆ. ಏಕಾದಶಿಯ ಮರುದಿನ ಬೆಳಿಗ್ಗೆಯೇ ಉಪವಾಸ ಮುರಿಯಬೇಕು, ಅಷ್ಟು ನನಗೂ ಗೊತ್ತು. "ಮನಿಗೆ ಹೋಗಿ, ಸ್ನಾನ ಮಾಡಿ, ಆಮ್ಯಾಲೆ," ಎಂದರು. ಮಾತು ತೊದಲುತ್ತಿತ್ತು. ನಿದ್ದೆ ಸರಿಯಾಗಿಲ್ಲ ಎಂದುಕೊಂಡೆ. ಮತ್ತೆ ಬಟನ್ ಒತ್ತಿದೆ. ಕೆಂಪು.

ಹನ್ನೊಂದು ಗಂಟೆಯ ಹೊತ್ತಿಗೆ ಗ್ಯಾಸ್ ಸ್ಟೇಷನ್ ಮುಟ್ಟಿದೆವು. ಮುಂದೆ ಎರಡು ಗಾಡಿ. ಸರಪಳಿ ಇಲ್ಲ, ಕೋನು ಇಲ್ಲ, ಮುಚ್ಚಳ ತೆರೆಯುತ್ತಿದೆ. ಖುಷಿಗೆ ಅಳುವುದೊಂದು ಬಾಕಿ. ನಮ್ಮ ಸರದಿ ಬಂದಾಗ ಗಾಡಿಯ ಎಡಮಗ್ಗುಲನ್ನು ತೂತಿಗೆ ಸರಿಯಾಗಿ ತಂದು ನಿಲ್ಲಿಸಿದೆ. ಗ್ಲೌಸ್ ತೊಟ್ಟೆ. ದಪ್ಪ ಹೋಸ್ ಪೈಪನ್ನು ಎಳೆದು, ಒಂದು ತುದಿಯನ್ನು ತೂತಿಗಿಳಿಸಿ ಮೇಲೆ ಕಲ್ಲು ಹೇರಿದೆ. ಇನ್ನೊಂದು ತುದಿಯನ್ನು ಗಾಡಿಯ ಬಾಯಿಗೆ ತಿರುಗಿಸಿ ಕೂರಿಸಿದೆ. ಅಲ್ಲಿ ಗಾಜಿನಂಥ ಪಾರದರ್ಶಕ, ಮೊಣಕೈಯಂತೆ ಬಾಗಿದ ಒಂದು ತುಂಡು ಇದೆ. ಏನು ಹೋಗುತ್ತಿದೆ, ಯಾವಾಗ ನಿಲ್ಲುತ್ತದೆ ಎಂದು ಅದರಲ್ಲಿ ನೋಡಿಕೊಳ್ಳಬೇಕು. ಮೊದಲು ಕಪ್ಪು, ಆಮೇಲೆ ಬೂದು. ಬೂದು ನೀರಿನಿಂದ ಪೈಪು ತೊಳೆದುಹೋಗುತ್ತದೆ. ಮೂರು ಸಲ ಎಲ್ಲ ಜೋಡಣೆ ಮುಟ್ಟಿ ನೋಡಿ, ಮುಖ ಪಕ್ಕಕ್ಕೆ ತಿರುಗಿಸಿ, ಕಪ್ಪು ಹ್ಯಾಂಡಲನ್ನು ಎಳೆದೆ.

ಭರ್ತಿ ಟ್ಯಾಂಕು ತೆರೆದರೆ ಪೈಪು ಜೀವ ಬಂದ ಹಾಗೆ ಜಿಗಿಯುತ್ತದೆ. ಇದು ಜಿಗಿಯಲಿಲ್ಲ. ಕಾಲುವೆಗೆ ಬಕೆಟ್ಟಿನಿಂದ ನೀರು ಸುರಿದಷ್ಟು ಸದ್ದು, ಆಮೇಲೆ ಸಣ್ಣ ಧಾರೆ, ಆಮೇಲೆ ಹನಿ. ಮೊಣಕೈ ತುಂಡಿನಲ್ಲಿ ಹೋದದ್ದು ನೀಲಿ. ನಾನು ಸುರಿದಿದ್ದ ಔಷಧದ ನೀಲಿ, ಹೆಚ್ಚುಕಡಿಮೆ ಹಾಗೆಯೇ.

ದೀಪ ಸುಳ್ಳು ಹೇಳಿತ್ತು. ಹಿಂದಿನ ಕುಟುಂಬ ನಿಜ ಹೇಳಿತ್ತು. ಮೊದಲು ನನಗೆ ಬಂದದ್ದು ನಗು. ಎರಡು ದಿನ ಇದಕ್ಕೇನಾ ಪ್ರಾಣ ಬಿಟ್ಟಿದ್ದು ಎಂದು ನಾನೊಬ್ಬಳೇ ನಗುತ್ತಾ ನಿಂತೆ.

ಆಮೇಲೆ ನಗು ನಿಂತಿತು. ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ರಕ್ತ ಮೂತ್ರ ಪರೀಕ್ಷೆ ಮಾಡಿದವಳು. ಬಾಟಲಿಯಲ್ಲಿ ಎಷ್ಟು ಬಂದಿದೆ ಎಂದು ನೋಡಿದ ಕೂಡಲೇ ಕೊಟ್ಟವರ ಗತಿ ಅಂದಾಜು ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಔಷಧ ಇನ್ನೂ ನೀಲಿಯಾಗಿಯೇ ಇದೆ ಎಂದರೆ ಅದರ ಮೇಲೆ ಏನೂ ಬಿದ್ದಿಲ್ಲ. ನಾನು ಹೊರಗೆ ಹೋಗಿಬಂದಿದ್ದೇನೆ. ಮಗಳು ಹೊರಗೆ ಹೋಗಿಬಂದಿದ್ದಾರೆ. ಅಮ್ಮ ಹೊರಗೆ ಹೋಗಿಲ್ಲ. ಒಳಗೂ ಹೋಗಿಲ್ಲ. ಮೊನ್ನೆ ಮಧ್ಯಾಹ್ನದಿಂದ.

ಆಚೆ ಸರಿಸಿದ ಲೋಟ ನೆನಪಾಯಿತು. ಸಿಂಕಿಗೆ ಬಗ್ಗಿಸಿದ ನೀರು ನೆನಪಾಯಿತು. ಮುಟ್ಟದೇ ಬಿಟ್ಟ ಕಾಫಿ. ಒಂದು ಗ್ಲೌಸ್ ಕಿತ್ತೆಸೆದು ಫೋನು ತೆಗೆದು, ಆ ದಿನದ ಪಂಚಾಂಗ ಹುಡುಕಿದೆ. ಷಷ್ಠಿ. ನಿನ್ನೆ ಪಂಚಮಿ. ಏಕಾದಶಿ ಹತ್ತಿರದಲ್ಲೆಲ್ಲೂ ಇರಲಿಲ್ಲ.

 ಹ್ಯಾಂಡಲು ತೆರೆದೇ ಇತ್ತು, ಪೈಪು ಜೋಡಿಸಿಯೇ ಇತ್ತು. ಬಿಟ್ಟು ಒಳಗೆ ಓಡಿದೆ.

ಅಮ್ಮ ಹಾಸಿಗೆಯ ಅಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ತೆರೆದಿತ್ತು. ಕೈಹಿಡಿದು ಚರ್ಮ ಚಿವುಟಿ ಬಿಟ್ಟೆ. ಚಿವುಟಿದ್ದು ಚಿವುಟಿದ ಹಾಗೇ ನಿಂತಿತು, ಕೆಳಗಿಳಿಯಲಿಲ್ಲ. ನಾಡಿ ಓಡುತ್ತಿತ್ತು.

"ಅಮ್ಮ, ನಾನು ಯಾರು ಹೇಳಿ?"

"ಶಾರದಕ್ಕನ ಮಗಳಲ್ಲೇನು?" ಎಂದರು. "ಬಾಗಲಾ ಹಾಕು, ಬೆಕ್ಕು ಬರತದ."

ಶಾರದಕ್ಕ ಯಾರೋ ನನಗೆ ಗೊತ್ತಿಲ್ಲ. ಮಗಳ ಕೈಯಿಂದ ಲ್ಯಾಪ್‌ಟಾಪು ಕೆಳಗೆ ಬಿತ್ತು.

"ಅಮ್ಮಾ! ಏನಾತು?" ಎಂದು ಕೂಗಿದರು. ನಾನು ಹೇಳಿದೆ, ಎರಡು ದಿನದಿಂದ ಇವರು ನೀರು ಕುಡಿದಿಲ್ಲ, ವ್ರತ ಅಲ್ಲ, ಇವತ್ತು ಷಷ್ಠಿ, ಆಂಬುಲೆನ್ಸ್ ಕರೀಬೇಕು.

"ಷಷ್ಠಿ ಅಂದ್ರೆ? ಅಮ್ಮ ಏಕಾದಶಿ ವಿಷಯದಲ್ಲಿ ಸುಳ್ಳು ಹೇಳ್ತಾರಾ? ಚಾನ್ಸೇ ಇಲ್ಲ. ವ್ರತ ಕೆಡಿಸಿದ್ರೆ ನನ್ನ ಜನ್ಮದಲ್ಲಿ ಕ್ಷಮಿಸಲ್ಲ. ಮನೆಗೆ ನಲವತ್ತು ನಿಮಿಷ ಅಷ್ಟೇ. ಮನೆಗೆ ಹೋಗಿಬಿಡೋಣ, ಪ್ಲೀಸ್. ವಿಸಿಟರ್ ಇನ್ಶೂರೆನ್ಸು ಬೇರೆ, ಏನು ಕವರ್ ಆಗುತ್ತೋ..."

ನಲವತ್ತು ನಿಮಿಷ. ಆ ಮಾತು ನನ್ನನ್ನೂ ಎಳೆಯಿತು. ಹೆದರುವವಳಿಗೆ ಮನೆ ಹತ್ತಿರವಿದೆ ಎನ್ನುವುದಕ್ಕಿಂತ ದೊಡ್ಡ ಆಸೆ ಇನ್ನೊಂದಿಲ್ಲ. ಗಾಡಿಯಿಂದ ನನಗೆ ಬರಬಹುದಾದ ತಾಪತ್ರಯ, ಪೊಲೀಸು, ನನ್ನ ಹೆಸರು ನಮ್ಮ ಜನರ ನಡುವೆ ಹಾಳಾಗುವುದು, ಎಲ್ಲ ಒಂದೇ ಉಸಿರಿನಲ್ಲಿ ತಲೆಯೊಳಗೆ ಬಂದುಹೋಯಿತು. ಬಾಯಾರಿ ಈ ಸ್ಥಿತಿಗೆ ಬಂದವರಿಗೆ ಬಾಯಿಗೆ ನೀರು ಹಾಕಿದರೆ ಸಾಲದು, ತೊದಲುವವರ ಗಂಟಲಿಗೆ ಸುರಿದರೆ ಶ್ವಾಸಕ್ಕೇ ಹೋಗಬಹುದು ಎಂದೂ ಗೊತ್ತಿತ್ತು. ಮಗಳ ಮುಖ ನೋಡಲಿಲ್ಲ. ನೋಡಿದ್ದರೆ ಧೈರ್ಯ ಹೋಗುತ್ತಿತ್ತು. ಒಂಬತ್ತು ಒಂದು ಒಂದು ಒತ್ತಿ ಮಾತಾಡಿದೆ.

ಅಷ್ಟರಲ್ಲಿ ಹಿಂದಿನ ಗಾಡಿಯವನು ಹಾರ್ನು ಬಾರಿಸಿದ. ಒಂದು ಸಲ, ಎರಡು ಸಲ, ಆಮೇಲೆ ಇಳಿದು ಬಾಗಿಲಿಗೇ ಬಂದ. ಗಡ್ಡದ, ದೊಡ್ಡ ಹೊಟ್ಟೆಯ ಬಿಳಿಯ ಗಂಡಸು. ಬೈಯಲೆಂದು ತೆರೆದ ಬಾಯಿ, ಅಮ್ಮನನ್ನು ನೋಡಿ ಮುಚ್ಚಿತು. ಏನೂ ಕೇಳದೆ ಹಿಂದಕ್ಕೆ ಹೋದ.

ಆಂಬುಲೆನ್ಸು ಬರಲು ಎಂಟು ನಿಮಿಷವಾಯಿತಂತೆ. ಅಮ್ಮನ ಕಾಲು ಎತ್ತಿ ದಿಂಬಿನ ಮೇಲಿಟ್ಟು, ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ ಕೂತ ನನಗೆ ಅದು ಎಂಟು ನಿಮಿಷ ಅನ್ನಿಸಲಿಲ್ಲ. ಅವರ ಉಸಿರು ನಿಂತ ಹಾಗೆ ಅನ್ನಿಸಿದಾಗಲೆಲ್ಲ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ನನ್ನ ಕೈಯನ್ನು ಅವರು ದೂಡಲಿಲ್ಲ. ದೂಡುವಷ್ಟು ಪ್ರಜ್ಞೆ ಇಲ್ಲದ್ದಕ್ಕೆ ಎಂದುಕೊಂಡೆ, ಆ ಹೊತ್ತಿನಲ್ಲೂ. ಬಂದವರು ರಕ್ತದೊತ್ತಡ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈಗೆ ಸೂಜಿ ಚುಚ್ಚಲು ನರ ಸಿಗಲಿಲ್ಲ. ಮೂರನೇ ಸಲಕ್ಕೆ ಸಿಕ್ಕಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು: ಅಮ್ಮ ನುಂಗುತ್ತಿದ್ದ ಬಿ.ಪಿ. ಮಾತ್ರೆಯಲ್ಲಿ ಮೈಯ ನೀರು ಇಳಿಸುವ ಔಷಧವೂ ಇದೆ. ನೀರು ಕುಡಿಯದೆ ಅದನ್ನು ನುಂಗಿದ್ದರಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಇನ್ನೂ ಅರ್ಧ ದಿನ ಹೋಗಿದ್ದರೆ ಏನನ್ನೂ ಹೇಳುವ ಹಾಗಿರಲಿಲ್ಲ. ಮಗಳು ಕಾರಿಡಾರಿನಲ್ಲಿ ಕೂತು ಅತ್ತರು. ನಾನು ಪಕ್ಕದಲ್ಲಿ ಕೂತೆ.  ಕೈಯಲ್ಲೇ ಬಳೀಬೇಕು ಎಂದು ಹೇಳಿದವಳು ನಾನು.

ಸಂಜೆ ಗಾಡಿ ತರಲು ಗ್ಯಾಸ್ ಸ್ಟೇಷನ್ನಿಗೆ ಹೋದೆ. ನೆಲವೆಲ್ಲ ಚೆಲ್ಲಿರುತ್ತದೆ, ಬೈಗುಳ ಕಾದಿರುತ್ತದೆ ಎಂದು ಹೆದರಿಕೊಂಡೇ ಹೋದೆ. ಗಾಡಿ ಒಂದು ಪಕ್ಕಕ್ಕೆ ನಿಂತಿತ್ತು. ಕೀಲಿ ಅದರಲ್ಲೇ ಬಿಟ್ಟು ಹೋಗಿದ್ದೆ. ಎರಡೂ ಹ್ಯಾಂಡಲು ಮುಚ್ಚಿತ್ತು. ನನ್ನ ಹೋಸ್ ಪೈಪನ್ನು ಒಳಗೂ ಹೊರಗೂ ತೊಳೆದು, ಸುತ್ತಿ, ಅದರ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಹಿಂದಿನ ಗಾಡಿಯ ಆ ಗಡ್ಡದವನೇ ಎಲ್ಲ ಮಾಡಿದ, ಅಜ್ಜಿ ಹೇಗಿದ್ದಾರೆ ಎಂದು ಕೇಳಿಹೋದ ಎಂದು ಕೌಂಟರಿನ ಹುಡುಗಿ ಹೇಳಿದಳು.

ಮರುದಿನ ಅಮ್ಮನಿಗೆ ಪೂರ್ತಿ ಎಚ್ಚರವಾಗಿತ್ತು. ಮಗಳು ಕಾಫಿಗೆಂದು ಕೆಳಗೆ ಹೋದಾಗ ನಾವಿಬ್ಬರೇ ಉಳಿದೆವು. ನಾನು ಕೇಳಿಯೇಬಿಟ್ಟೆ.

"ಯಾಕಮ್ಮ ಹೀಗೆ ಮಾಡಿದ್ರಿ? ನನ್ನ ಕೈ ನೀರು ನಿಮಗೆ ಆಗಲ್ಲ ಅಂತಾನಾ?"

ಅಮ್ಮ ನನ್ನ ಕಡೆ ತಿರುಗಿದರು. "ಹಂಗ ತಿಳಕೊಂಡಿಯೇನು ನೀ?" ಎಂದರು. "ಹುಚ್ಚಿ. ನೀ ನನ್ನ ಮಗಳ ವಾರಗಿಯಾಕಿ. ಒಂದು ಮನಿ ಹೆಣ್ಣುಮಗಳು. ನನ್ನ ಹೊಲಸು ನೀ ಕೈಲೆ ಬಳೀಬೇಕೇನು? ಕಾಫಿ ಕುಡದ್ರ ಹೋಗಬೇಕಾಗತದ. ಹೋದ್ರ ನೀ ತಗೀಬೇಕಾಗತದ. ಕೈಲೆ ಬಳೀಬೇಕು ಅಂದಿ. ಅವತ್ತಿಂದ ಗಂಟಲಾಗ ನೀರು ಇಳೀಲಿಲ್ಲ ನಂಗ."

"ಅದಕ್ಕೆ ಏಕಾದಶಿ ಅಂತ ಸುಳ್ಳು ಹೇಳಿದ್ರಾ?"

"ದೇವರ ಮುಂದ ತಪ್ಪಾತು ಅನ್ನಲಿಕ್ಕೆ ನಂಗ ಬರತದ. ನಿನ್ನ ಮುಂದ, ತಂಗಿ, ಟಾಯ್ಲೆಟ್ಟಿಗೆ ಹೋಗಲಿ ಏನು ಅಂತ ಕೇಳಲಿಕ್ಕೆ ಬರಲಿಲ್ಲ."

ನನಗೆ ಅಳು ಬಂತು, ಅತ್ತೆ. ಎರಡು ದಿನ ನಾನು ಅವರ ಮೇಲೆ ಮುನಿಸಿಕೊಂಡು ಓಡಾಡಿದ್ದೆ. ಆ ಮುನಿಸು ಇಲ್ಲದಿದ್ದರೆ ಮೊದಲ ದಿನವೇ ಲೋಟ ಮುಂದಿಟ್ಟು, ಕುಡೀರಿ ಅಮ್ಮ, ಎಂದು ಜೋರು ಮಾಡುತ್ತಿದ್ದೆ. ನನ್ನ ಪೈಪನ್ನು ಯಾರೋ ತೊಳೆದಿಟ್ಟ ವಿಷಯವನ್ನೂ ಹೇಳಿದೆ, ಮಾತು ಬದಲಿಸಲಿಕ್ಕೆ.  

"ಯಾವನೋ ಗುರುತಿಲ್ಲದ ಮನಶ್ಯಾ ನನ್ನ ಹೊಲಸು ತೊಳದ?" ಎಂದು ಅಮ್ಮ ಎದ್ದು ಕೂತರು.

"ಏನೂ ಇರಲೇ ಇಲ್ಲ ಅಮ್ಮ. ಬರೀ ನೀಲಿ ನೀರು."

ಅಮ್ಮನಿಗೆ ನಗು ಬಂತು. ನಕ್ಕರೆ ತುಟಿ ಉರಿಯುತ್ತಿತ್ತೇನೋ, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಎರಡು ವಾರದ ಮೇಲೆ, ಗಾಡಿಯಲ್ಲಿ ಉಳಿದಿದ್ದ ಅವರ ತಂಬಿಗೆ ಕೊಡಲು ಕ್ಯುಪರ್ಟಿನೋಗೆ ಹೋದೆ. ಅಮ್ಮ ತಂಬಿಗೆ ತೆಗೆದುಕೊಳ್ಳಲಿಲ್ಲ. "ಗಾಡ್ಯಾಗ ಇರಲಿ. ಸಮುದ್ರ ಸರಿಯಾಗಿ ನೋಡಲಿಲ್ಲ ನಾ. ಇನ್ನೊಮ್ಮೆ ಕರಕೊಂಡ ಹೋಗು. ಆದ್ರ ನಂದು ನಾನ ತಗೀತೇನಿ," ಎಂದರು. ಮಗಳು ಬೇಡ ಎಂದರು, ನಾನೂ ಬೇಡ ಎಂದೆ. ಅಮ್ಮನ ಮುಂದೆ ನಮ್ಮ ಆಟ ನಡೆಯಲಿಲ್ಲ. ಡಾಕ್ಟರು ಹೂಂ ಎಂದ ಮೇಲೆ ಒಂದು ದಿನದ ಮಟ್ಟಿಗೆ ಹಾಫ್ ಮೂನ್ ಬೇಗೆ ಹೋಗಿಬಂದೆವು. ದಾ‌ರಿಯುದ್ದಕ್ಕೂ ನಾನು ಕನ್ನಡಿಯಲ್ಲಿ ಅಮ್ಮನ ತುಟಿಯನ್ನೇ ನೋಡುತ್ತಿದ್ದೆ. ಬೆಳಿಗ್ಗೆಯಿಂದ ಎರಡೇ ಸಲ ಕುಡಿದಿದ್ದರು, ಅದೂ ಮಗಳ ಬಲವಂತಕ್ಕೆ, ಗುಟುಕು ಗುಟುಕಾಗಿ. ಒಂದೇ ಸಲ ಒಳಗೆ ಹೋಗಿ ಬಂದಿದ್ದರು. 

ಮಧ್ಯಾಹ್ನ ಅದೇ ಗ್ಯಾಸ್ ಸ್ಟೇಷನ್. ಪೈಪು ನಾನು ಜೋಡಿಸಿದೆ. ಅಮ್ಮ ಬಳೆ ಮೇಲಕ್ಕೇರಿಸಿ ಗ್ಲೌಸ್ ತೊಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಪ್ಪು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಮೊದಲ ಸಲ ಬರಲಿಲ್ಲ. ನಾನು ಕೈ ಚಾಚಿದೆ, ಕಣ್ಣಲ್ಲೇ ಗದರಿದರು. ಎರಡನೇ ಸಲಕ್ಕೆ ಬಂತು. ಪಾರದರ್ಶಕ ತುಂಡಿನಲ್ಲಿ ಹೋಗುವುದನ್ನು ಬಗ್ಗಿ ಪೂರ್ತಿ ನೋಡಿದರು. ಆಮೇಲೆ ಬೂದು ಹ್ಯಾಂಡಲು. ಪೈಪು ತೊಳೆಯುವವರೆಗೂ ನಿಂತಿದ್ದು, ಗ್ಲೌಸ್ ಕಳಚಿ ಕಸದ ಡಬ್ಬಿಗೆ ಹಾಕಿ, ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡರು. ಪಕ್ಕದಲ್ಲಿ ನಾನೂ ತೊಳೆದುಕೊಂಡೆ.

"ಇಷ್ಟನ ಇದು?" ಎಂದರು.

"ಇಷ್ಟೇ ಅಮ್ಮ."

ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತರು. ಮಗಳು ನೀರಿನ ಬಾಟಲಿ ತೆಗೆದರು. ಅಮ್ಮ ಅದನ್ನು ಬೇಡವೆಂದು ತಲೆಯಾಡಿಸಿದರು. ನನ್ನ ಎದೆ ಮತ್ತೆ ಧಸಕ್ಕೆಂದಿತು. ಅಮ್ಮ ತಂಬಿಗೆಯನ್ನು ನನ್ನ ಕಡೆ ಚಾಚಿದರು.

"ನೀ ಕೊಡು."

ತುಂಬಿಸಿ ಕೊಟ್ಟೆ. ಎತ್ತಿ ಹಿಡಿದು ಗಟಗಟ ಕುಡಿದರು. ಮತ್ತೆ ಚಾಚಿದರು. ಮತ್ತೆ ತುಂಬಿಸಿದೆ, ಹೆದರುಪುಕ್ಕಲಿಯ ಬಾಯಿ ಸುಮ್ಮನಿರದೆ ಹೇಳಿತು: "ಫ್ರೀವೇಲಿ ತುಂಬಾ ಟ್ರಾಫಿಕ್ ಇದೆ ಅಮ್ಮ, ಮನೆ ಸೇರೋದು ಲೇಟಾಗಬಹುದು."

"ಆಗಲಿ ಬಿಡು," ಎಂದರು ಅಮ್ಮ. "ಗಾಡ್ಯಾಗ ಅದ ಅಲ್ಲಾ."